ಟ್ರಿಗರ್ ಬದಲಿಸಿದ್ದು ಓಆರ್‌ಎಂಗೆ ಗೊತ್ತಾಗದಿದ್ದಾಗ ಯಾವ ದಾರಿ ಹಿಡಿಯಬೇಕು?

ಡೇಟಾಬೇಸ್‌ನಲ್ಲಿ ಟ್ರಿಗರ್ ಇದೆ, ಅಂದರೆ ಟೇಬಲ್ಲಿಗೆ ಬರೆಯುವಾಗ ತಾನಾಗೇ ಓಡುವ ಕೋಡ್. ಆಪ್‌ನಲ್ಲಿ ಹೈಬರ್ನೇಟೋ, ಜಾಂಗೋನೋ, ಎಂಟಿಟಿ ಫ್ರೇಮ್‌ವರ್ಕೋ ಇದೆ, ಅಂದರೆ ಟೇಬಲ್ಲಿನ ಸಾಲುಗಳನ್ನು ಆಬ್ಜೆಕ್ಟ್‌ಗಳಾಗಿ ಓದಿ ಬರೆಯುವ ಓಆರ್‌ಎಂ. ಎರಡೂ ತಮ್ಮ ಕೆಲಸ ಸರಿಯಾಗೇ ಮಾಡುತ್ತವೆ. ಆದರೂ ಬಿಲ್ಲಿನ ಮೊತ್ತ ತಪ್ಪು ಬರುತ್ತದೆ. ಕಾರಣ ಇಷ್ಟೇ: ತಾನು ಕಳಿಸಿದ್ದೇ ಟೇಬಲ್ಲಿನಲ್ಲಿ ಇದೆ ಅಂತ ಓಆರ್‌ಎಂ ನಂಬಿಕೊಂಡಿರುತ್ತದೆ. ನಡುವೆ ಟ್ರಿಗರ್ ಬಂದು ಬದಲಿಸಿದ್ದನ್ನು ಅದಕ್ಕೆ ಯಾರೂ ಹೇಳಿರುವುದಿಲ್ಲ.

ಇದಕ್ಕೆ ಏನು ಮಾಡೋಣ ಅಂತ ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. ಟ್ರಿಗರ್ ಎಲ್ಲಾ ಕಿತ್ತುಹಾಕಿ ಅನ್ನುವವರು ಒಂದು ಕಡೆ. ಓಆರ್‌ಎಂ ಬಿಟ್ಟು ನೇರವಾಗಿ ಎಸ್‌ಕ್ಯೂಎಲ್ ಬರೀರಿ ಅನ್ನುವವರು ಇನ್ನೊಂದು ಕಡೆ. ಎರಡನ್ನೂ ನಾನು ಒಪ್ಪುವುದಿಲ್ಲ. ಒಂದೇ ಡೇಟಾಬೇಸ್‌ನ ಮೂರು ಟ್ರಿಗರ್‌ಗಳಿಗೆ ಮೂರು ಬೇರೆ ಉತ್ತರ ಇರಬಹುದು. ಆಯ್ಕೆ ಮಾಡುವ ಮುಂಚೆ ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಟ್ರಿಗರ್ ಎಲ್ಲಿಗೆ ಬರೆಯುತ್ತದೆ? ಆ ಟೇಬಲ್ಲಿಗೆ ನಿಮ್ಮ ಆಪ್ ಬಿಟ್ಟು ಬೇರೆ ಯಾರು ಬರೆಯುತ್ತಾರೆ?

ಒಂದು ಅಂಗಡಿಯ ಬಿಲ್ಲಿಂಗ್ ಡೇಟಾಬೇಸನ್ನೇ ತಗೊಳ್ಳೋಣ. ಬಿಲ್ ಅಂತ ಒಂದು ಟೇಬಲ್, ಬಿಲ್ ಐಟಂ ಅಂತ ಇನ್ನೊಂದು. ಐಟಂ ಟೇಬಲ್ಲಿನ ಮೊದಲ ಟ್ರಿಗರ್ ಪ್ರಮಾಣವನ್ನು ದರದಿಂದ ಗುಣಿಸಿ ಅದೇ ಸಾಲಿನ ಮೊತ್ತದ ಕಾಲಂ ತುಂಬುತ್ತದೆ. ಎರಡನೆಯದು ಆ ಮೊತ್ತವನ್ನು ಬಿಲ್ ಟೇಬಲ್ಲಿನ ಒಟ್ಟು ಮೊತ್ತಕ್ಕೆ ಕೂಡಿಸುತ್ತದೆ. ಮೂರನೆಯದು ಯಾರು ಏನು ಬದಲಿಸಿದರು ಅಂತ ಆಡಿಟ್ ಟೇಬಲ್ಲಿಗೆ ಬರೆದಿಡುತ್ತದೆ. ಅಂದರೆ ಒಂದು ಅದೇ ಸಾಲಿಗೆ, ಇನ್ನೊಂದು ಬೇರೆ ಟೇಬಲ್ಲಿನ ಸಾಲಿಗೆ, ಮತ್ತೊಂದು ಆಪ್ ಬಹುತೇಕ ಓದದ ಜಾಗಕ್ಕೆ. ಇವುಗಳಲ್ಲಿ ಅಪಾಯ ಜಾಸ್ತಿ ಇರುವುದು ಎರಡನೆಯದರಲ್ಲಿ.

ಸದ್ದಿಲ್ಲದೆ ಹಾಳಾಗುವ ಮೊತ್ತ

501ನೇ ಬಿಲ್ಲಿನ ಒಟ್ಟು ಮೊತ್ತ 1,200 ರೂಪಾಯಿ ಅಂದುಕೊಳ್ಳಿ. ಹೈಬರ್ನೇಟ್ ಅದನ್ನು ಓದಿ ಮೆಮೊರಿಯಲ್ಲಿ ಇಟ್ಟುಕೊಂಡಿದೆ. ನೀವು 300 ರೂಪಾಯಿಯ ಒಂದು ಐಟಂ ಸೇರಿಸುತ್ತೀರಿ. ಅದೇ ಬಿಲ್ಲಿಗೆ ‘ಮನೆಗೆ ತಲುಪಿಸಬೇಕು’ ಅಂತ ಒಂದು ಷರಾ ಕೂಡ ಬರೆಯುತ್ತೀರಿ. ಈಗ ಸೇವ್.

ಹೈಬರ್ನೇಟ್ ಫ್ಲಶ್ ಮಾಡುವಾಗ, ಅಂದರೆ ಮೆಮೊರಿಯ ಬದಲಾವಣೆಗಳನ್ನು ಡೇಟಾಬೇಸ್‌ಗೆ ಕಳಿಸುವಾಗ, ಮೊದಲು ಇನ್ಸರ್ಟ್‌ಗಳನ್ನು ಕಳಿಸುತ್ತದೆ, ಆಮೇಲೆ ಅಪ್‌ಡೇಟ್‌ಗಳನ್ನು. ಐಟಂ ಒಳಗೆ ಹೋಯಿತು. ಟ್ರಿಗರ್ ಓಡಿ ಟೇಬಲ್ಲಿನಲ್ಲಿ ಒಟ್ಟು ಮೊತ್ತ 1,500 ಆಯಿತು. ಮೆಮೊರಿಯಲ್ಲಿ ಮಾತ್ರ ಇನ್ನೂ 1,200. ಈಗ ಷರಾದ ಅಪ್‌ಡೇಟ್ ಹೊರಡುತ್ತದೆ. ಬದಲಾಗಿದ್ದು ಒಂದೇ ಕಾಲಂ ಆದರೂ ಹೈಬರ್ನೇಟ್ ಡೀಫಾಲ್ಟ್ ಆಗಿ ಎಲ್ಲಾ ಕಾಲಂಗಳನ್ನೂ ಅಪ್‌ಡೇಟ್‌ಗೆ ಹಾಕುತ್ತದೆ. ಅದರ ಜೊತೆ ಹಳೇ 1,200 ಕೂಡ ಹೋಗಿ ಕೂರುತ್ತದೆ. ಎರರ್ ಇಲ್ಲ, ಲಾಗ್ ಇಲ್ಲ. ಗಿರಾಕಿಗೆ 300 ರೂಪಾಯಿ ಕಮ್ಮಿ ಬಿಲ್ ಹೋಯಿತು.

ಜಾಂಗೋದ ಸೇವ್ ಕೂಡ ಹೀಗೇ, ಅಪ್‌ಡೇಟ್ ಫೀಲ್ಡ್ಸ್ ಅಂತ ಪಟ್ಟಿ ಕೊಡದಿದ್ದರೆ ಎಲ್ಲಾ ಫೀಲ್ಡ್‌ಗಳನ್ನೂ ಬರೆಯುತ್ತದೆ. ಎಂಟಿಟಿ ಫ್ರೇಮ್‌ವರ್ಕ್ ಕೋರ್, ಎಸ್‌ಕ್ಯೂಎಲ್‌ಆಲ್ಕೆಮಿ, ರೈಲ್ಸ್ ಇವು ಬದಲಾದ ಕಾಲಂಗಳನ್ನಷ್ಟೇ ಕಳಿಸುತ್ತವೆ. ಅಲ್ಲಿ ಟೇಬಲ್ಲಿನ 1,500 ಉಳಿಯುತ್ತದೆ. ಆದರೆ ಕೈಯಲ್ಲಿರುವ ಆಬ್ಜೆಕ್ಟ್‌ನಲ್ಲಿ 1,200 ಇರುವುದರಿಂದ ಸ್ಕ್ರೀನ್ ಮೇಲೆ ತಪ್ಪು ಸಂಖ್ಯೆ ಬರುತ್ತದೆ. ಅದು ಸಣ್ಣ ತಪ್ಪು. ಪುಟ ರೀಲೋಡ್ ಮಾಡಿದರೆ ಸರಿಹೋಗುತ್ತದೆ.

ಓದಿದ ಮೇಲೆ ಬೇರೆ ಯಾರಾದರೂ ಸಾಲು ಬದಲಿಸಿದರಾ ಅಂತ ವರ್ಶನ್ ಕಾಲಂ ನೋಡಿ ಹೇಳುವ ಆಪ್ಟಿಮಿಸ್ಟಿಕ್ ಲಾಕ್ ಇದೆಯಲ್ಲ, ಅದು ಹಿಡಿಯಲ್ವಾ ಅಂತ ಕೇಳಬಹುದು. ಹಿಡಿಯುವುದಿಲ್ಲ. ಟ್ರಿಗರ್ ಒಟ್ಟು ಮೊತ್ತವನ್ನಷ್ಟೇ ಬದಲಿಸಿ ವರ್ಶನ್ ಕಾಲಂ ಮುಟ್ಟದಿದ್ದರೆ ಹೈಬರ್ನೇಟ್‌ನ ವರ್ಶನ್ ಪರೀಕ್ಷೆ ಆರಾಮಾಗಿ ಪಾಸ್ ಆಗುತ್ತದೆ. ಎಸ್‌ಕ್ಯೂಎಲ್ ಸರ್ವರ್‌ನ ರೋವರ್ಶನ್ ಕಾಲಂ ಹಾಗಲ್ಲ. ಯಾರು ಅಪ್‌ಡೇಟ್ ಮಾಡಿದರೂ ಅದು ತಾನಾಗೇ ಬದಲಾಗುತ್ತದೆ. ಆದ್ದರಿಂದ ಟ್ರಿಗರ್ ಓಡಿದ ಮೇಲೆ ಎಂಟಿಟಿ ಫ್ರೇಮ್‌ವರ್ಕ್‌ನ ಮುಂದಿನ ಅಪ್‌ಡೇಟ್ ಕನ್‌ಕರೆನ್ಸಿ ಎಕ್ಸೆಪ್ಶನ್ ಎಸೆಯುತ್ತದೆ. ಬೇಜಾರಾಗುತ್ತದೆ, ನಿಜ. ಆದರೂ ಸುಮ್ಮನೆ ದುಡ್ಡು ಕಳೆಯುವುದಕ್ಕಿಂತ ಎಕ್ಸೆಪ್ಶನ್ನೇ ವಾಸಿ.

ಗಲಾಟೆ ಮಾಡಿ ಬೀಳುವವು

ಇವನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಎರರ್ ಕಣ್ಣಿಗೆ ಕಾಣುತ್ತದೆ, ಮದ್ದೂ ಗೊತ್ತಿದೆ.

2022ರ ನವೆಂಬರ್‌ನಲ್ಲಿ ಬಂದ ಎಂಟಿಟಿ ಫ್ರೇಮ್‌ವರ್ಕ್ ಕೋರ್ 7, ಎಸ್‌ಕ್ಯೂಎಲ್ ಸರ್ವರ್‌ಗೆ ಬರೆಯುವ ರೀತಿ ಬದಲಿಸಿತು. ವೇಗಕ್ಕಾಗಿ, ಬರೆದ ಸಾಲಿನ ವ್ಯಾಲ್ಯೂಗಳನ್ನು ಅಲ್ಲೇ ವಾಪಸ್ ಕೊಡುವ ಔಟ್‌ಪುಟ್ ಅನ್ನುವ ಎಸ್‌ಕ್ಯೂಎಲ್ ತುಣುಕು ಬಳಸಲು ಶುರು ಮಾಡಿತು. ಟ್ರಿಗರ್ ಇರುವ ಟೇಬಲ್ಲಿನ ಮೇಲೆ ಇಂಟು (ಇಂಥ ಟೇಬಲ್ಲಿಗೆ ಹಾಕು ಅನ್ನುವ ಭಾಗ) ಇಲ್ಲದ ಔಟ್‌ಪುಟ್ ಅನ್ನು ಸರ್ವರ್ ಒಪ್ಪುವುದಿಲ್ಲ, 334 ನಂಬರಿನ ಎರರ್ ಕೊಡುತ್ತದೆ. ಮಾಡೆಲ್‌ನಲ್ಲಿ ಆ ಟೇಬಲ್ಲಿಗೆ ಹ್ಯಾಸ್‌ಟ್ರಿಗರ್ ಅಂತ ಹೇಳಿದರೆ ಅದು ಹಳೇ ರೀತಿಗೆ ಮರಳುತ್ತದೆ. ಹ್ಯಾಸ್‌ಟ್ರಿಗರ್ ಟ್ರಿಗರನ್ನು ಸೃಷ್ಟಿಸುವುದಿಲ್ಲ, ಬರೀ ಇದೆ ಅಂತ ತಿಳಿಸುತ್ತದೆ.

ಎಸ್‌ಕ್ಯೂಎಲ್ ಸರ್ವರ್‌ನಲ್ಲೇ ಇನ್ನೊಂದು: ಟ್ರಿಗರ್‌ನ ಮೊದಲ ಸಾಲಿನಲ್ಲಿ ಸೆಟ್ ನೋಕೌಂಟ್ ಆನ್ ಇಲ್ಲದಿದ್ದರೆ ಟ್ರಿಗರ್‌ನ ಒಳಗಿನ ಅಪ್‌ಡೇಟ್‌ಗಳ ಎಣಿಕೆಯೂ ಆಪ್‌ಗೆ ಬರುತ್ತದೆ. ಒಂದು ಸಾಲು ಬದಲಾಗಬೇಕಿತ್ತು, ಲೆಕ್ಕ ಬೇರೆ ಬಂತು ಅಂತ ಓಆರ್‌ಎಂ ರೊಳ್ಳೆ ತೆಗೆಯುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಇದರ ಉಲ್ಟಾ ಆಗುತ್ತದೆ. ಸಾಲು ಬರೆಯುವ ಮುಂಚೆ ಓಡುವ ಬಿಫೋರ್ ಟ್ರಿಗರ್ ನಲ್ ವಾಪಸ್ ಕೊಟ್ಟರೆ ಆ ಸಾಲು ಬರೆಯುವುದೇ ಇಲ್ಲ, ಎಣಿಕೆ ಸೊನ್ನೆ ಬರುತ್ತದೆ. ಹಳೇ ಕಾಲದ, ಟ್ರಿಗರ್ ಮೂಲಕ ತುಂಡುಗಳಾಗಿ ಹಂಚಿದ ಪಾರ್ಟಿಶನ್ ಟೇಬಲ್‌ಗಳಲ್ಲಿ ಇದು ಇನ್ನೂ ಸಿಗುತ್ತದೆ. ಪೋಸ್ಟ್‌ಗ್ರೆಸ್ 10ರಿಂದ ಇರುವ ಡಿಕ್ಲರೇಟಿವ್ ಪಾರ್ಟಿಶನ್‌ಗೆ ಹೋಗುವುದೇ ಸರಿ.

ಒರಾಕಲ್‌ನಲ್ಲಿ ಐಡಿ ಕೊಡುವ ಟ್ರಿಗರ್ ಇನ್ನೊಂದು ತಲೆನೋವು. ಹೈಬರ್ನೇಟ್ ಸೀಕ್ವೆನ್ಸ್ (ಮುಂದಿನ ನಂಬರ್ ಕೊಡುವ ಡೇಟಾಬೇಸ್ ಎಣಿಕೆ) ಕೇಳಿ 101 ಪಡೆದು ಇನ್ಸರ್ಟ್ ಕಳಿಸುತ್ತದೆ. ಟ್ರಿಗರ್ ಹಿಂದೆಮುಂದೆ ನೋಡದೆ ಮತ್ತೆ ಸೀಕ್ವೆನ್ಸ್ ಕೇಳಿ 102 ಹಾಕುತ್ತದೆ. ಹೈಬರ್ನೇಟ್ ಲೆಕ್ಕದಲ್ಲಿ ಬಿಲ್ 101, ಟೇಬಲ್ಲಿನಲ್ಲಿ 102. ಐಟಂ ಸೇರಿಸುವಾಗ ತಾಯಿ ಸಾಲೇ ಇಲ್ಲ ಅಂತ ಫಾರಿನ್ ಕೀ ಎರರ್ ಬರುತ್ತದೆ. ಐಡಿ ನಲ್ ಇದ್ದಾಗ ಮಾತ್ರ ಓಡು ಅಂತ ಟ್ರಿಗರ್‌ಗೆ ಒಂದು ವೆನ್ ಷರತ್ತು ಹಾಕಿದರೆ ಸಾಕು.

ಒಂದನೇ ದಾರಿ: ಓಆರ್‌ಎಂಗೆ ಮೊದಲೇ ಹೇಳಿಡುವುದು

ಟ್ರಿಗರ್ ಅದೇ ಸಾಲಿಗೆ ಬರೆಯುತ್ತಿದ್ದರೆ, ಟ್ರಿಗರನ್ನು ತೆಗೆಯುವ ಅಧಿಕಾರ ನಿಮಗಿಲ್ಲದಿದ್ದರೆ, ಮೊದಲು ನೋಡಬೇಕಾದ್ದು ಇದೇ. ಹೈಬರ್ನೇಟ್‌ನಲ್ಲಿ ಆ ಫೀಲ್ಡ್‌ಗೆ ಜನರೇಟೆಡ್ ಅನೋಟೇಶನ್ ಹಾಕಿ, ಕಾಲಂನಲ್ಲಿ ಇನ್ಸರ್ಟಬಲ್, ಅಪ್‌ಡೇಟಬಲ್ ಎರಡನ್ನೂ ಫಾಲ್ಸ್ ಮಾಡಿ. ಎಸ್‌ಕ್ಯೂಎಲ್‌ಆಲ್ಕೆಮಿಯಲ್ಲಿ ಸರ್ವರ್ ಡೀಫಾಲ್ಟ್, ಸರ್ವರ್ ಆನ್‌ಅಪ್‌ಡೇಟ್ ಎರಡಕ್ಕೂ ಫೆಚ್ಡ್‌ವ್ಯಾಲ್ಯೂ ಕೊಡಿ. ಎಂಟಿಟಿ ಫ್ರೇಮ್‌ವರ್ಕ್‌ನಲ್ಲಿ ವ್ಯಾಲ್ಯೂ ಜನರೇಟೆಡ್ ಆನ್ ಆಡ್ ಆರ್ ಅಪ್‌ಡೇಟ್. ಇಷ್ಟಾದರೆ ಓಆರ್‌ಎಂ ಆ ಕಾಲಂ ಬರೆಯುವುದಿಲ್ಲ, ಸೇವ್ ಆದ ಮೇಲೆ ಹೊಸ ಬೆಲೆಯನ್ನು (ಕಾಲಂನಲ್ಲಿರುವ ವ್ಯಾಲ್ಯೂ) ತಾನೇ ಓದಿಕೊಳ್ಳುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಪೋಸ್ಟ್‌ಗ್ರೆಸ್‌ನಲ್ಲಿ ಬರೆದ ಸಾಲನ್ನು ವಾಪಸ್ ಕೊಡುವ ರಿಟರ್ನಿಂಗ್, ಬಿಫೋರ್ ಟ್ರಿಗರ್ ಬದಲಿಸಿದ ಬೆಲೆಯನ್ನು ತೋರಿಸುತ್ತದೆ. ಆಫ್ಟರ್ ಟ್ರಿಗರ್ ಅದೇ ಸಾಲಿನ ಮೇಲೆ ಬೇರೆ ಅಪ್‌ಡೇಟ್ ಓಡಿಸಿದರೆ ಅದನ್ನು ತೋರಿಸುವುದಿಲ್ಲ. ಅದಕ್ಕೇ ಅದೇ ಸಾಲಿನ ಕೆಲಸ ಯಾವಾಗಲೂ ಬಿಫೋರ್‌ನಲ್ಲೇ ಇರಲಿ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಬಿಫೋರ್ ಟ್ರಿಗರ್ ಇಲ್ಲವೇ ಇಲ್ಲ. ಅಲ್ಲಿನ ಔಟ್‌ಪುಟ್ ಟ್ರಿಗರ್ ಓಡುವ ಮುಂಚಿನ ಬೆಲೆ ಕೊಡುತ್ತದೆ. ಹಾಗಾಗಿ ಬರೆದಾದ ಮೇಲೆ ಬೇರೆ ಸೆಲೆಕ್ಟ್ ಮಾಡಲೇಬೇಕು. ಹ್ಯಾಸ್‌ಟ್ರಿಗರ್ ಹೇಳಿದಾಗ ಎಂಟಿಟಿ ಫ್ರೇಮ್‌ವರ್ಕ್ ಮಾಡುವುದೂ ಅದನ್ನೇ.

ಜಾಂಗೋದಲ್ಲಿ ಟ್ರಿಗರ್ ತುಂಬುವ ಕಾಲಂಗೆ ಇಂಥ ನೇರ ಘೋಷಣೆ ಇಲ್ಲ. ಎಡಿಟಬಲ್ ಫಾಲ್ಸ್ ಹಾಕಿದರೆ ಸಾಕು ಅಂತ ಹಲವರು ಅಂದುಕೊಳ್ಳುತ್ತಾರೆ. ಅದು ಫಾರ್ಮ್ ಮತ್ತು ಅಡ್ಮಿನ್ ಪುಟದಲ್ಲಿ ಫೀಲ್ಡ್ ಅಡಗಿಸುತ್ತದೆ ಅಷ್ಟೇ. ಸೇವ್ ಮಾಡುವಾಗ ಹಳೇ ಬೆಲೆ ಹೋಗಿಯೇ ಹೋಗುತ್ತದೆ.

ಈ ದಾರಿಗೆ ದೊಡ್ಡ ಮಿತಿಯೂ ಇದೆ. ಐಟಂ ಸೇವ್ ಆದಾಗ ಬಿಲ್ಲಿನ ಒಟ್ಟು ಮೊತ್ತ ಬದಲಾಗಿದೆ ಅಂತ ಯಾವ ಘೋಷಣೆಯೂ ಓಆರ್‌ಎಂಗೆ ತಿಳಿಸುವುದಿಲ್ಲ. ಬಿಲ್ಲಿನ ಕಾಲಂ ಅನ್ನು ಬರೆಯದ ಹಾಗೆ ಮಾಡಿದರೆ 1,500 ಉಳಿಯುತ್ತದೆ, ಅದು ದೊಡ್ಡ ಲಾಭವೇ. ಆದರೆ ಮೆಮೊರಿಯ 1,200 ಹಾಗೇ ಇರುತ್ತದೆ.

ಎರಡನೇ ದಾರಿ: ಮತ್ತೆ ಓದುವುದು

ಹೈಬರ್ನೇಟ್‌ನಲ್ಲಿ ರಿಫ್ರೆಶ್, ಜಾಂಗೋದಲ್ಲಿ ರಿಫ್ರೆಶ್ ಫ್ರಮ್ ಡಿಬಿ, ರೈಲ್ಸ್‌ನಲ್ಲಿ ರೀಲೋಡ್. ಎಲ್ಲದಕ್ಕಿಂತ ಸುಲಭ. ಬೇರೆ ಟೇಬಲ್ಲಿನ ಸಾಲು ಬದಲಾದಾಗ, ಟ್ರಿಗರ್ ಉಳಿಸಿಕೊಳ್ಳಲೇಬೇಕಾದರೆ, ಒಂದನೇ ದಾರಿಯ ಜೊತೆ ಇದನ್ನೂ ಸೇರಿಸಿಕೊಳ್ಳಬೇಕು.

ಹೈಬರ್ನೇಟ್‌ನಲ್ಲಿ ರಿಫ್ರೆಶ್‌ಗೆ ಮುಂಚೆ ಫ್ಲಶ್ ಮಾಡಿ. ಇಲ್ಲದಿದ್ದರೆ ಇನ್ನೂ ಕಳಿಸದ ಬದಲಾವಣೆಗಳು ಅಳಿಸಿಹೋಗುತ್ತವೆ. ಟ್ರಿಗರ್ ಬರೆಯುವ ಟೇಬಲ್ಲನ್ನು, ಸೆಶನ್‌ಗಳೆಲ್ಲ ಹಂಚಿಕೊಳ್ಳುವ ಸೆಕೆಂಡ್ ಲೆವೆಲ್ ಕ್ಯಾಶ್‌ನಲ್ಲಿ ಇಡಬೇಡಿ. ಐಟಂಗೆ ಇನ್ಸರ್ಟ್ ಮಾಡಿದ್ದಕ್ಕೆ ಬಿಲ್ಲಿನ ಕ್ಯಾಶ್ ತೆಗೆಯಬೇಕು ಅಂತ ಹೈಬರ್ನೇಟ್‌ಗೆ ಗೊತ್ತಾಗುವ ದಾರಿಯೇ ಇಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಡಿಫರ್ ಮಾಡಿದ (ಮುಂದೂಡಿದ) ಕನ್‌ಸ್ಟ್ರೈಂಟ್ ಟ್ರಿಗರ್ ಇದ್ದರೆ ಅದು ಓಡುವುದು ಕಮಿಟ್ ಹೊತ್ತಿಗೆ. ಕಮಿಟ್‌ಗೆ ಮುಂಚೆ ಎಷ್ಟು ರಿಫ್ರೆಶ್ ಮಾಡಿದರೂ ಹಳೇ ಬೆಲೆಯೇ ಸಿಗುತ್ತದೆ.

ಎಸ್‌ಕ್ಯೂಎಲ್‌ಆಲ್ಕೆಮಿ ಬಳಸುವ ಹಲವರಿಗೆ ಈ ತೊಂದರೆ ಕಾಣುವುದೇ ಇಲ್ಲ. ಕಮಿಟ್ ಆದ ಕೂಡಲೇ ಅದು ಎಲ್ಲಾ ಆಬ್ಜೆಕ್ಟ್‌ಗಳನ್ನೂ ಎಕ್ಸ್‌ಪೈರ್ ಮಾಡಿ, ಮುಂದೆ ಮುಟ್ಟಿದಾಗ ಹೊಸದಾಗಿ ಓದುತ್ತದೆ. ಅಸಿಂಕ್ ಕೋಡ್‌ಗೆ ಹೋದಾಗ ಎಕ್ಸ್‌ಪೈರ್ ಆನ್ ಕಮಿಟ್ ಅನ್ನು ಫಾಲ್ಸ್ ಮಾಡುವುದು ರೂಢಿ. ಅವತ್ತಿನಿಂದ ಹಳೇ ಮೊತ್ತಗಳು ಎಪಿಐ ಉತ್ತರದಲ್ಲಿ ಕಾಣಿಸಿಕೊಳ್ಳುತ್ತವೆ. ಬಿಲ್ಲಿನ ಲೆಕ್ಕದ ಕೋಡ್ ಬದಲಾಗಿಲ್ಲ, ಟ್ರಿಗರ್ ಬದಲಾಗಿಲ್ಲ, ಇದೆಲ್ಲಿಂದ ಬಂತು ಅಂತ ಹುಡುಕುತ್ತಾ ಕೂರಬೇಕಾಗುತ್ತದೆ.

ಈ ದಾರಿಯ ದೌರ್ಬಲ್ಯ ಬೇರೆಯೇ. ಪ್ರತಿ ಜಾಗದಲ್ಲೂ ನೆನಪಿಟ್ಟು ರಿಫ್ರೆಶ್ ಬರೆಯಬೇಕು. ಹೊಸಬರು ಟೀಮಿಗೆ ಬಂದಾಗ ಮರೆಯುತ್ತಾರೆ. ನೂರು ಬಿಲ್‌ಗಳ ಲೂಪ್‌ನಲ್ಲಿ ಹಾಕಿದರೆ ನೂರು ಸೆಲೆಕ್ಟ್ ಹೋಗುತ್ತದೆ.

ಮೂರನೇ ದಾರಿ: ಟ್ರಿಗರ್ ಬದಲು ಜನರೇಟೆಡ್ ಕಾಲಂ

ಪ್ರಮಾಣ ಗುಣಿಸು ದರ, ಇಷ್ಟಕ್ಕೆ ಟ್ರಿಗರ್ ಬೇಕಿಲ್ಲ. ಅದೇ ಸಾಲಿನ ಬೇರೆ ಕಾಲಂಗಳಿಂದ ಡೇಟಾಬೇಸೇ ಲೆಕ್ಕ ಹಾಕುವ ಜನರೇಟೆಡ್ ಕಾಲಂ ಸಾಕು. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಇದು ಕಂಪ್ಯೂಟೆಡ್ ಕಾಲಂ ಅನ್ನುವ ಹೆಸರಲ್ಲಿ ಬಹಳ ಹಿಂದಿನಿಂದ ಇದೆ. ಮೈಎಸ್‌ಕ್ಯೂಎಲ್ 5.7 ಜೊತೆ 2015ರಲ್ಲಿ, ಪೋಸ್ಟ್‌ಗ್ರೆಸ್ 12 ಜೊತೆ 2019ರಲ್ಲಿ ಜನರೇಟೆಡ್ ಕಾಲಂ ಬಂತು. ಜಾಂಗೋ 5.0 ಅದಕ್ಕೆ ಜನರೇಟೆಡ್‌ಫೀಲ್ಡ್ ಕೊಟ್ಟಿತು. ನನ್ನ ಮಟ್ಟಿಗೆ ಅದೇ ಸಾಲಿನ ಲೆಕ್ಕಕ್ಕೆ ಇದಕ್ಕಿಂತ ಒಳ್ಳೇ ದಾರಿ ಇಲ್ಲ. ಲೆಕ್ಕ ಟೇಬಲ್ಲಿನ ವ್ಯಾಖ್ಯಾನದಲ್ಲೇ ಕಾಣುತ್ತದೆ, ಯಾರೂ ಟ್ರಿಗರ್ ಹುಡುಕಬೇಕಿಲ್ಲ. ಇನ್ನೊಂದು ಲಾಭ ಇದಕ್ಕಿಂತ ದೊಡ್ಡದು. ಓಆರ್‌ಎಂ ತಪ್ಪಿ ಆ ಕಾಲಂಗೆ ಹಳೇ ಬೆಲೆ ಕಳಿಸಿದರೆ ಡೇಟಾಬೇಸ್ ಅಲ್ಲೇ ಎರರ್ ಕೊಟ್ಟು ತಡೆಯುತ್ತದೆ. ಸದ್ದಿಲ್ಲದ ತಪ್ಪು ಸದ್ದು ಮಾಡುತ್ತದೆ.

ಬೇರೆ ಟೇಬಲ್ ನೋಡುವ ಲೆಕ್ಕ ಇದರಲ್ಲಿ ಆಗುವುದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಈಗಿನ ಸಮಯ ಕೇಳುವ ಫಂಕ್ಷನ್ ಕೂಡ ನಡೆಯುವುದಿಲ್ಲ. ಹಾಗಾಗಿ ‘ಕೊನೆಗೆ ಬದಲಾದ ಸಮಯ’ದ ಕಾಲಂಗೆ ಅಲ್ಲಿ ಬಿಫೋರ್ ಟ್ರಿಗರ್ ಉಳಿಸಿಕೊಂಡು ಒಂದನೇ ದಾರಿ ಹಿಡಿಯಿರಿ. ಮೈಎಸ್‌ಕ್ಯೂಎಲ್‌ನಲ್ಲಿ ಆ ಕೆಲಸಕ್ಕೆ ಆನ್ ಅಪ್‌ಡೇಟ್ ಕರೆಂಟ್ ಟೈಮ್‌ಸ್ಟ್ಯಾಂಪ್ ಇದೆ.

ನಾಲ್ಕನೇ ದಾರಿ: ಕೆಲಸವನ್ನು ಆಪ್‌ಗೆ ತರುವುದು

ರೈಲ್ಸ್‌ನ ಕಾಲ್‌ಬ್ಯಾಕ್, ಜಾಂಗೋದ ಸಿಗ್ನಲ್, ಹೈಬರ್ನೇಟ್‌ನ ಲಿಸನರ್ ಇವೆಲ್ಲ ಸೇವ್ ಹೊತ್ತಿಗೆ ಓಆರ್‌ಎಂ ತಾನೇ ಕರೆಯುವ ಹುಕ್‌ಗಳು, ಟ್ರಿಗರ್ ಜಾಗಕ್ಕೆ ಬರಲು ತಯಾರಾಗಿ ನಿಂತ ಹಾಗೆ ಕಾಣುತ್ತವೆ. ನಂಬಬೇಡಿ. ಜಾಂಗೋದ ಕ್ವೆರಿಸೆಟ್ ಅಪ್‌ಡೇಟ್, ಬಲ್ಕ್ ಕ್ರಿಯೇಟ್ ಎರಡೂ ಸೇವ್ ಸಿಗ್ನಲ್ ಕಳಿಸುವುದಿಲ್ಲ. ರೈಲ್ಸ್‌ನ ಅಪ್‌ಡೇಟ್ ಆಲ್, ಇನ್ಸರ್ಟ್ ಆಲ್ ಕಾಲ್‌ಬ್ಯಾಕ್ ಕರೆಯುವುದಿಲ್ಲ. ರಾತ್ರಿ ಓಡುವ ಇಂಪೋರ್ಟ್ ಸ್ಕ್ರಿಪ್ಟ್, ಕೈಯಾರೆ ಎಸ್‌ಕ್ಯೂಎಲ್ ಓಡಿಸುವ ಸಪೋರ್ಟ್ ಟೀಮ್, ಇವರಂತೂ ಓಆರ್‌ಎಂ ಹತ್ತಿರವೇ ಬರುವುದಿಲ್ಲ. ಎರಡನೇ ಪ್ರಶ್ನೆ ಕೇಳಬೇಕು ಅಂದದ್ದು ಇದಕ್ಕೇ. ಬೇರೆಯವರೂ ಬರೆಯುವ ಟೇಬಲ್ ಆದರೆ ಟ್ರಿಗರ್ ಅಲ್ಲೇ ಇರಲಿ.

ಬರೆಯುವುದು ನಿಮ್ಮ ಆಪ್ ಒಂದೇ ಆದರೆ, ಹುಕ್‌ಗಳ ಬದಲು ‘ಬಿಲ್ಲಿಗೆ ಐಟಂ ಸೇರಿಸು’ ಅನ್ನುವ ಒಂದು ಸ್ಪಷ್ಟ ಫಂಕ್ಷನ್ ಬರೆಯಿರಿ. ಓದುವವರಿಗೆ ಏನಾಗುತ್ತದೆ ಅಂತ ಅಲ್ಲೇ ಕಾಣಬೇಕು. ಟ್ರಿಗರ್ ಅಡಗಿತ್ತು ಅಂತ ಬೈದು ಅದೇ ಕೆಲಸವನ್ನು ಸಿಗ್ನಲ್‌ನಲ್ಲಿ ಅಡಗಿಸಿದರೆ ಏನು ಬಂತು?

ಆ ಫಂಕ್ಷನ್‌ನಲ್ಲಿ ಲಾಕ್ ಮರೆಯಬೇಡಿ. ಇಬ್ಬರು ಕೌಂಟರ್‌ನವರು ಒಂದೇ ಬಿಲ್ಲಿಗೆ ಒಟ್ಟಿಗೇ ಐಟಂ ಸೇರಿಸಿದರು ಅಂದುಕೊಳ್ಳಿ. ಇಬ್ಬರ ಕೋಡೂ 1,200 ಓದಿ, ತಮ್ಮ ಐಟಂ ಕೂಡಿಸಿ, ಬರೆಯುತ್ತದೆ. ಕೊನೆಗೆ ಬರೆದವರದ್ದು ಉಳಿಯುತ್ತದೆ. ಎಲ್ಲಾ ಐಟಂಗಳ ಮೊತ್ತ ಮತ್ತೆ ಕೂಡಿ ಬರೆದರೂ ಪೋಸ್ಟ್‌ಗ್ರೆಸ್‌ನ ರೀಡ್ ಕಮಿಟೆಡ್ (ಕಮಿಟ್ ಆದದ್ದನ್ನಷ್ಟೇ ಓದುವ) ಮಟ್ಟದಲ್ಲಿ ತಪ್ಪಬಹುದು. ಎರಡನೆಯವರ ಅಪ್‌ಡೇಟ್ ಮೊದಲನೆಯವರ ಕಮಿಟ್‌ಗೆ ಕಾದರೂ, ಒಳಗಿನ ಕೂಡಿಕೆ ನೋಡುವುದು ಕಾಯುವ ಮುಂಚಿನ ಚಿತ್ರವನ್ನೇ. ಹಾಗಾಗಿ ಮೊದಲು ಸೆಲೆಕ್ಟ್ ಫಾರ್ ಅಪ್‌ಡೇಟ್‌ನಿಂದ ಬಿಲ್ಲಿನ ಸಾಲು ಹಿಡಿದುಕೊಳ್ಳಿ, ಆಮೇಲೆ ಐಟಂ ಸೇರಿಸಿ, ಆಮೇಲೆ ಕೂಡಿ ಬರೆಯಿರಿ.

ಇದರ ಜೊತೆ ಇನ್ನೊಂದನ್ನೂ ಯೋಚಿಸಿ: ಒಟ್ಟು ಮೊತ್ತದ ಕಾಲಂ ಬೇಕಾ? ಒಂದು ಬಿಲ್ಲಿಗೆ ಹತ್ತಿಪ್ಪತ್ತು ಐಟಂ ಇದ್ದು, ಬಿಲ್ ಐಡಿ ಮೇಲೆ ಇಂಡೆಕ್ಸ್ ಇದ್ದರೆ, ಕೇಳಿದಾಗ ಕೂಡುವುದು ಏನೂ ಭಾರ ಅಲ್ಲ. ಒಂದು ವ್ಯೂ ಸಾಕು. ಕಾಲಂ ಇಲ್ಲದಿದ್ದರೆ ಅದು ಹಳತಾಗುವ ಪ್ರಶ್ನೆಯೂ ಇಲ್ಲ. ಲಕ್ಷಾಂತರ ಬಿಲ್‌ಗಳನ್ನು ಮೊತ್ತದ ಪ್ರಕಾರ ಸಾರ್ಟ್ ಮಾಡಬೇಕಾದ ರಿಪೋರ್ಟ್ ಇದ್ದರೆ ಮಾತ್ರ ಕಾಲಂ ಇಡಿ.

ಆಡಿಟ್ ಟ್ರಿಗರ್ ಮುಟ್ಟಬೇಡಿ

ಆಡಿಟ್ ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ. ಅದು ಟ್ರಿಗರ್‌ನಲ್ಲೇ ಇರಬೇಕು. ಹೈಬರ್ನೇಟ್ ಎನ್ವರ್ಸ್ ಥರದ ಸಾಧನಗಳು ಹೈಬರ್ನೇಟ್ ಮೂಲಕ ಹೋದ ಬದಲಾವಣೆಯನ್ನಷ್ಟೇ ದಾಖಲಿಸುತ್ತವೆ. ಆಡಿಟ್ ಬೇಕಿರುವುದೇ ಯಾರೋ ಬೇರೆ ಬಾಗಿಲಿಂದ ಬಂದು ಮುಟ್ಟಿದ್ದನ್ನು ಹಿಡಿಯಲು, ಅಲ್ವಾ? ಓಆರ್‌ಎಂ ಆ ಟೇಬಲ್ ಓದುವುದಿಲ್ಲವಾದ್ದರಿಂದ ಮೆಮೊರಿ ಹಳತಾಗುವ ತೊಂದರೆಯೂ ಇಲ್ಲ.

ಒಂದೇ ಕೊರತೆ, ಟ್ರಿಗರ್‌ಗೆ ಆಪ್‌ನ ಯೂಸರ್ ಯಾರು ಅಂತ ಗೊತ್ತಿಲ್ಲ. ಅದಕ್ಕೆ ಕಾಣುವುದು ಡೇಟಾಬೇಸ್ ಯೂಸರ್ ಒಬ್ಬನೇ. ಪೋಸ್ಟ್‌ಗ್ರೆಸ್‌ನಲ್ಲಿ ಟ್ರಾನ್ಸಾಕ್ಷನ್ ಶುರುವಿಗೆ ಸೆಟ್ ಕಾನ್ಫಿಗ್‌ನಿಂದ ಯೂಸರ್ ಐಡಿ ಇಟ್ಟು, ಟ್ರಿಗರ್‌ನಲ್ಲಿ ಕರೆಂಟ್ ಸೆಟ್ಟಿಂಗ್‌ನಿಂದ ಓದಿ. ಮೂರನೇ ಆರ್ಗ್ಯುಮೆಂಟ್ ಟ್ರೂ ಕೊಡಿ, ಆಗ ಅದು ಟ್ರಾನ್ಸಾಕ್ಷನ್ ಜೊತೆ ಅಳಿಯುತ್ತದೆ. ಫಾಲ್ಸ್ ಕೊಟ್ಟರೆ, ಕನೆಕ್ಷನ್‌ಗಳನ್ನು ಮರುಬಳಸುವ ಪೂಲ್‌ನಿಂದ ಅದೇ ಕನೆಕ್ಷನ್ ಪಡೆದ ಮುಂದಿನವರ ಬದಲಾವಣೆ ಹಿಂದಿನವರ ಹೆಸರಿಗೆ ಬರಬಹುದು. ಎಸ್‌ಕ್ಯೂಎಲ್ ಸರ್ವರ್ 2016ರಿಂದ ಇದಕ್ಕೆ ಸೆಶನ್ ಕಾಂಟೆಕ್ಸ್ಟ್ ಇದೆ. ಅಲ್ಲಿ ಹಳೇ ಕೋಡ್ ಐಡಿ ಪಡೆಯಲು ಅಟ್ ಅಟ್ ಐಡೆಂಟಿಟಿ ಬಳಸುತ್ತಿದ್ದರೆ ಸ್ಕೋಪ್ ಐಡೆಂಟಿಟಿಗೆ ಬದಲಿಸಿ. ಇಲ್ಲದಿದ್ದರೆ ಬಿಲ್ ಐಡಿ ಬದಲು ಆಡಿಟ್ ಸಾಲಿನ ಐಡಿ ಕೈಗೆ ಬರುತ್ತದೆ.

ಟೆಸ್ಟ್, ಆಮೇಲೆ ಬಿಡುಗಡೆ

ಯಾವ ದಾರಿ ಹಿಡಿದರೂ ಟೆಸ್ಟ್ ಡೇಟಾಬೇಸ್‌ನಲ್ಲಿ ಟ್ರಿಗರ್ ನಿಜವಾಗಿ ಇದೆಯಾ ನೋಡಿ. ಟೇಬಲ್‌ಗಳ ರಚನೆ ಬರೆದಿಡುವ ರೈಲ್ಸ್‌ನ ಸ್ಕೀಮಾ ಡಾಟ್ ಆರ್‌ಬಿ ಫೈಲಿಗೆ ಟ್ರಿಗರ್ ಬರುವುದಿಲ್ಲ. ಸ್ಕೀಮಾ ಫಾರ್ಮ್ಯಾಟನ್ನು ಎಸ್‌ಕ್ಯೂಎಲ್ ಮಾಡಿದರೆ ಮಾತ್ರ ಬರುತ್ತದೆ. ಹೈಬರ್ನೇಟ್ ಎಂಟಿಟಿಗಳಿಂದ, ಟೆಸ್ಟ್‌ಗೆ ಬಳಸುವ ಪುಟ್ಟ ಡೇಟಾಬೇಸ್ ಎಚ್‌2 ಮೇಲೆ ಟೇಬಲ್ ಹುಟ್ಟಿಸಿ ಟೆಸ್ಟ್ ಮಾಡಿದರೂ ನಿಮ್ಮ ಟ್ರಿಗರ್ ಅಲ್ಲಿರುವುದಿಲ್ಲ. ಟೆಸ್ಟ್ ಎಲ್ಲಾ ಹಸಿರು ಕಾಣುತ್ತದೆ, ಪ್ರೊಡಕ್ಷನ್‌ನಲ್ಲಿ ಮೊತ್ತ ತಪ್ಪುತ್ತದೆ. ಪ್ರೊಡಕ್ಷನ್‌ನಲ್ಲಿ ಯಾವ ಡೇಟಾಬೇಸ್ ಇದೆಯೋ ಅದನ್ನೇ ಕಂಟೇನರ್‌ನಲ್ಲಿ ಎಬ್ಬಿಸಿ, ಮೈಗ್ರೇಶನ್ ಓಡಿಸಿ, ಐಟಂ ಮತ್ತು ಷರಾ ಒಟ್ಟಿಗೆ ಸೇವ್ ಮಾಡುವ ಒಂದು ಟೆಸ್ಟ್ ಬರೆಯಿರಿ. ಮೊತ್ತವನ್ನು ಆಬ್ಜೆಕ್ಟ್‌ನಿಂದ ಅಲ್ಲ, ಹೊಸ ಸೆಶನ್‌ನಲ್ಲಿ ಓದಿ ಪರೀಕ್ಷಿಸಿ.

ಒಟ್ಟು ಮೊತ್ತದ ಟ್ರಿಗರ್ ತೆಗೆದು ಆಪ್‌ಗೆ ತರುವುದಾದರೆ ಬಿಡುಗಡೆಯ ಕ್ರಮವೂ ಮುಖ್ಯ. ಆಪ್ ಕೋಡ್ ‘ಇದ್ದದ್ದಕ್ಕೆ 300 ಕೂಡಿಸು’ ಅಂತ ಬರೆದಿದ್ದರೆ, ಟ್ರಿಗರ್ ಇನ್ನೂ ಇರುವಾಗ 600 ಕೂಡಿಬಿಡುತ್ತದೆ. ಟ್ರಿಗರ್ ಮೊದಲೇ ತೆಗೆದರೆ ಹಳೇ ಆಪ್ ಓಡುತ್ತಿರುವಷ್ಟು ಹೊತ್ತು ಏನೂ ಕೂಡುವುದಿಲ್ಲ. ಲಾಕ್ ಹಿಡಿದು ಎಲ್ಲಾ ಐಟಂಗಳನ್ನೂ ಮತ್ತೆ ಕೂಡಿ ಬರೆಯುವ ಕೋಡ್ ಆದರೆ ಟ್ರಿಗರ್ ಜೊತೆಗಿದ್ದರೂ ಉತ್ತರ 1,500 ಆಗಿಯೇ ಉಳಿಯುತ್ತದೆ. ಆದ್ದರಿಂದ ಹೊಸ ಕೋಡ್ ಮೊದಲು ಹೋಗಲಿ. ಹಳೇ ಸರ್ವರ್‌ಗಳೆಲ್ಲ ನಿಂತ ಮೇಲೆ, ಒಟ್ಟು ಮೊತ್ತಕ್ಕೂ ಐಟಂಗಳ ಕೂಡಿಕೆಗೂ ಹೊಂದದ ಬಿಲ್‌ಗಳನ್ನು ಪಟ್ಟಿ ಮಾಡುವ ಒಂದು ಕ್ವೆರಿ ಓಡಿಸಿ. ಪಟ್ಟಿ ಖಾಲಿ ಬಂದರೆ ಟ್ರಿಗರ್ ಡ್ರಾಪ್ ಮಾಡಿ. ಅದೇ ಕ್ವೆರಿಯನ್ನು ಮುಂದಿನ ಕೆಲವು ವಾರ ದಿನಾ ರಾತ್ರಿ ಓಡುವಂತೆ ಇಟ್ಟುಕೊಳ್ಳಿ. ಟ್ರಿಗರನ್ನು ನಂಬಿಕೊಂಡು ಸುಮ್ನೆ ಓಡುತ್ತಿದ್ದ ಯಾವುದೋ ಹಳೇ ಸ್ಕ್ರಿಪ್ಟ್ ಇದ್ದರೆ ಅದು ಇಲ್ಲೇ ಸಿಕ್ಕಿಬೀಳುತ್ತದೆ.